ಡಂಪ್ ಕಾಗದದ ಫ್ರಾಕು

ಇವತ್ತು ಬೆಳಿಗ್ಗೆ ಅಟ್ಟದಿಂದ ಒಂದು ಹಳೆಯ ಕಾಗದದ ಸುರುಳಿಯನ್ನು ಇಳಿಸಿದೆ. ಇಳಿಸಿದೆ ಅನ್ನುವುದು ದೊಡ್ಡ ಮಾತಾಯಿತು. ಸ್ಟೂಲು ಹತ್ತಿ, ಮಂಡಿ ಹಿಡಿದುಕೊಂಡು, ಹತ್ತಿದ್ದು ಯಾಕೆ ಎಂದು ಮರೆತು, ನೆನಪು ಮಾಡಿಕೊಂಡು, ಕೊನೆಗೆ ಕೋಲಿನಿಂದ ತಳ್ಳಿ ಬೀಳಿಸಿದೆ. ಬಿದ್ದ ಸುರುಳಿಯಿಂದ ಮೆಷೀನ್ ಎಣ್ಣೆ, ನುಸಿಗುಳಿಗೆ, ಹಳೆಯ ಶಾಯಿ ಮೂರೂ ಬೆರೆತ ವಾಸನೆ ಎದ್ದಿತು. ಕೆಳಗೆ ಕೂತಿದ್ದ ಮೊಮ್ಮಗಳು ತಲೆ ಎತ್ತಿ ನನ್ನನ್ನು ನೋಡಿ, "ನಂದೇ" ಅಂದಳು.

ಅವಳಿಗೆ ಬರುವುದು ಇದೊಂದೇ ಮಾತು. ಹದಿನೈದು ದಿನಗಳಿಂದ ಮನೆಯಲ್ಲಿ ಇದೇ ಸಂಗೀತ. ಬಾಳೆಹಣ್ಣಿಗೂ ನಂದೇ, ನನ್ನ ಕನ್ನಡಕಕ್ಕೂ ನಂದೇ, ಬೀದಿಯಲ್ಲಿ ಕೂಗುವ ಸೊಪ್ಪಿನವನಿಗೂ ನಂದೇ. ಕೊನೆಯಲ್ಲಿ ರಾಗವನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತಾಳೆ. ನನ್ನ ಅಳಿಯ ನಗುತ್ತಾನೆ. "ಮಾವ, ಇವ್ಳು ದೊಡ್ಡೋಳಾದ್ರೆ ನಮ್ ಈ ಹೊಸ ತಿಪ್ಪಸಂದ್ರ ಬಡಾವಣೆನೇ ಬರೆಸ್ಕೊಂಡು ಬಿಡ್ತಾಳೆ." ಮಗಳು ಆಶಾಗೆ ಮಾತ್ರ ಇದು ಸ್ವಲ್ಪ ನಾಚಿಕೆಯ ವಿಷಯ. ಮಗು ದುರಾಸೆಯದು ಅಂದುಕೊಳ್ಳುತ್ತಾರೆ ಎಂದು ಅವಳ ಸಂಕಟ. ನನಗೆ ಆಶ್ಚರ್ಯವೆಂದರೆ, ಹಾಗೆ ಕೇಳಿ ಪಡೆದ ವಸ್ತುವನ್ನು ಅವಳು ಇಟ್ಟುಕೊಳ್ಳುವುದೂ ಇಲ್ಲ. ಕನ್ನಡಕ ಕೊಟ್ಟರೆ ನೆಲದ ಮೇಲಿಟ್ಟು ಮತ್ತೆ ನನ್ನ ಮುಖವನ್ನೇ ನೋಡುತ್ತಾಳೆ.

ಇರಲಿ, ಏನಾದರೂ ಅನ್ನಲಿ. ಆ ಒಂದು ಮಾತು ಕೇಳಿದಾಗ ನನಗಾಗುವ ಸಂತೋಷವನ್ನು ಇಡಲು ಈ ಮನೆಯಲ್ಲಿ ಜಾಗ ಸಾಲದು. ಹಾಲಿನವನಿಗೆ ಹೇಳಿದ್ದೇನೆ, ಮೂಲೆಯ ಮೆಡಿಕಲ್ ಅಂಗಡಿಯ ಹುಡುಗಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳಿದ್ದೇನೆ. ಇಡೀ ದಿನ ಅವಳನ್ನು ಎತ್ತಿ ತಿರುಗಿ ಸಂಜೆ ಹೊತ್ತಿಗೆ ಬೆನ್ನು ನನ್ನದೇ ಎಂಬುದು ಮರೆತುಹೋಗುತ್ತದೆ. ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಆದರೂ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತೊಟ್ಟಿಲ ಹತ್ತಿರ ನಿಂತಿರುವವನು ನಾನೇ.

ಸುರುಳಿ ಇಳಿಸಿದ್ದು ಅವಳಿಗೊಂದು ಫ್ರಾಕು ಹೊಲಿಯಲು. ಅದರೊಳಗೆ ಅವಳ ತಾಯಿ ಚಿಕ್ಕವಳಿದ್ದಾಗ ನಾನು ಕತ್ತರಿಸಿಟ್ಟ ಅಳತೆ ಕಾಗದಗಳಿವೆ. ದರ್ಜಿಗಳು ಸಾಮಾನ್ಯವಾಗಿ ಖಾಕಿ ಕಾಗದದಲ್ಲಿ ಕತ್ತರಿಸುತ್ತಾರೆ. ನನ್ನವು ಹಾಗಲ್ಲ. ಇವು ಅಗಲವಾದ ಬಿಳಿ ಕಾಗದ, ಮೇಲೆ ಎಳೆ ಹಸಿರು ಪಟ್ಟೆ, ಎರಡೂ ಅಂಚಿನಲ್ಲಿ ಸಾಲಾಗಿ ತೂತು. ಮೈತುಂಬ ಅಂಕಿ, ಅಂಕಿಯ ನಡುವೆ ಎ ಯಿಂದ ಎಫ್ ತನಕದ ಇಂಗ್ಲಿಷ್ ಅಕ್ಷರ, ಬಲಗಡೆಗೆ ಇರುವೆ ಸಾಲಿನಂತೆ ಚುಕ್ಕಿಗಳು. ಫ್ರಾಕಿನ ಎದೆಯ ಭಾಗ, ತೋಳು, ಕಾಲರು, ಎಲ್ಲದರ ಮೇಲೂ ಇದೇ. ಈ ಕಾಗದಕ್ಕೆ ಡಂಪ್ ಎಂದು ಹೆಸರು. ಇದು ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿ ವಿಮಲಳಿಂದ.

ವಿಮಲ ನನ್ನ ಸೋದರತ್ತೆಯ ಮಗಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವಳು ಪಿಯುಸಿ. ಹೊಂದಾಣಿಕೆ ಹೇಗೆ ಎಂದು ಮದುವೆಯಲ್ಲಿ ಕೆಲವರು ಕೇಳಿದರು. ನಮ್ಮ ಸೋದರತ್ತೆ, "ಅವ್ನಿಗೆ ಕತ್ರಿ ಹಿಡಿಯಕ್ಕೆ ಬರುತ್ತೆ, ಇವ್ಳಿಗೆ ಪೆನ್ನು ಹಿಡಿಯಕ್ಕೆ ಬರುತ್ತೆ, ಇಬ್ರೂ ಜಗಳ ಆಡ್ಕೊಂಡು ಇರ್ಲಿ" ಎಂದು ಬಾಯಿ ಮುಚ್ಚಿಸಿದರು. ಹಲಸೂರಿನಲ್ಲಿ, ಕೆರೆಗೆ ಹೋಗುವ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮುಂದಿನ ಕೋಣೆಯೇ ನನ್ನ ಅಂಗಡಿ. ಸ್ಕೂಲು ಮಕ್ಕಳ ಯೂನಿಫಾರಂ, ಕಾರ್ಖಾನೆಗೆ ಹೋಗುವವರ ಖಾಕಿ ಪ್ಯಾಂಟು, ಇವೇ ನನ್ನ ಕೆಲಸ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ವಿಮಲ ಕಂಟೋನ್ಮೆಂಟಿನ ಒಂದು ಆಫೀಸಿನಲ್ಲಿ ಕಾರ್ಡಿಗೆ ತೂತು ಹೊಡೆಯುವ ಪಂಚ್ ಆಪರೇಟರ್ ಆಗಿ ಸೇರಿದಳು. ಆ ಆಫೀಸಿನಲ್ಲಿ ಒಂದು ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರ್ ಇತ್ತಂತೆ. ಎರಡು ಮೂರು ವರ್ಷಗಳಲ್ಲಿ ಅದೇನೋ ಪರೀಕ್ಷೆ ಬರೆದು ಪ್ರೋಗ್ರಾಮು ಬರೆಯುವ ವಿಭಾಗಕ್ಕೆ ಹೋದಳು. ನಾನು ಆ ಮೆಷೀನನ್ನು ಒಂದು ಸಲವೂ ನೋಡಲಿಲ್ಲ. ಅದರ ಕಾಯಿಲೆಗಳನ್ನು ಮಾತ್ರ ಚೆನ್ನಾಗಿ ಬಲ್ಲೆ. ಅವೆಲ್ಲ ನಮ್ಮ ಮನೆಗೆ ಬರುತ್ತಿದ್ದವು.

ಹೇಗೆ ಬರುತ್ತಿದ್ದವು ಎಂದರೆ, ವಿಮಲ ಸಂಜೆ ಬಸ್ಸಿನಿಂದ ಇಳಿದು ಕೆರೆ ಏರಿಯ ಕಡೆಯಿಂದ ನಡೆದು ಬರುವಾಗ ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡ ಹಾಗೆ ಒಂದು ಕಾಗದದ ಕಟ್ಟು ಇರುತ್ತಿತ್ತು. ಬಸ್ಸಿನಲ್ಲಿ ನಿಂತು ಬಂದ ದಣಿವು ಅವಳ ಮುಖದಲ್ಲಿ, ಬೆಳಗಿನಿಂದ ಪೆಡಲು ತುಳಿದ ದಣಿವು ನನ್ನ ಕಾಲಿನಲ್ಲಿ. ಅವಳು ಬಂದ ತಕ್ಷಣ ನಾವು ಮಾತಾಡುತ್ತಿರಲಿಲ್ಲ. ಅವಳು ಕಟ್ಟನ್ನು ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಇಳಿಸುವಳು, ನಾನು ಮೆಷೀನು ನಿಲ್ಲಿಸುವೆ, ಇಬ್ಬರೂ ಒಂದೊಂದು ಲೋಟ ಕಾಫಿ ಹಿಡಿದು ಗೋಡೆ ನೋಡುತ್ತ ಕೂರುವೆವು. ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಗೋಡೆ. ಸುಣ್ಣ ಉದುರಿದ ಒಂದು ಜಾಗ ಆನೆಯ ಹಾಗಿತ್ತು. ಅವಳಿಗೆ ಅದು ಎತ್ತಿನ ಗಾಡಿಯಂತೆ ಕಾಣುತ್ತಿತ್ತಂತೆ.

ಆ ಟೇಬಲ್ಲು ಮಿಲಿಟರಿ ಹರಾಜಿನಲ್ಲಿ ಸಿಕ್ಕಿದ್ದು. ಕಾಗದವನ್ನು ಮಡಿಕೆ ಬಿಡಿಸಿ ಹಾಸಲು ಅಷ್ಟು ಉದ್ದದ ಜಾಗ ಮನೆಯಲ್ಲಿ ಬೇರೆ ಇರಲಿಲ್ಲ. ಹಾಗಾಗಿ ಅರ್ಧ ಟೇಬಲ್ಲು ನನ್ನದು, ಅರ್ಧ ಅವಳದು.

"ರೀ, ಆ ಪ್ಯಾಂಟು ತೆಗೀರಿ. ನಾನು ನೋಡ್ತಿರೋ ಪೇಜಿನ ಮೇಲೆ ಬಿದ್ದಿದೆ."

"ಪ್ಯಾಂಟು ನಾಳೆ ಕೊಡ್ಬೇಕು."

"ಇದನ್ನೂ ನಾಳೆನೇ ಕೊಡ್ಬೇಕು."

"ನಿನ್ ಕಂಪ್ಯೂಟರ್ ಬರಿಮೈಲಿ ಇದ್ರೂ ನಡಿಯುತ್ತೆ. ಆ ಮನುಷ್ಯನಿಗೆ ನಾಳೆ ಡ್ಯೂಟಿ ಇದೆ."

ಇಂಥ ಜಗಳದಲ್ಲಿ ಸಾಮಾನ್ಯವಾಗಿ ಪ್ಯಾಂಟೇ ಸೋಲುತ್ತಿತ್ತು.

ಡಂಪ್ ಅಂದರೇನು ಎಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ತಿಳಿದವರು ನಕ್ಕರೆ ನಗಲಿ. ಪ್ರೋಗ್ರಾಮು ಓಡುತ್ತ ಓಡುತ್ತ ಯಾವುದೋ ಒಂದು ಕಡೆ ತಡೆದು ನಿಂತು ಬಿಡುತ್ತದೆ. ಹಾಗೆ ಕೆಟ್ಟು ನಿಲ್ಲುವ ಹೊತ್ತಿಗೆ ಮೆಷೀನಿನ ಹೊಟ್ಟೆಯಲ್ಲಿ ಏನೇನಿತ್ತೋ ಅಷ್ಟನ್ನೂ ಕಾಗದದ ಮೇಲೆ ಅಚ್ಚು ಹಾಕಿ ಹೊರಗೆ ಹಾಕುತ್ತಾರೆ. ಅದೇ ಡಂಪ್. ಮೆಷೀನು ಸದಾ ಯಾರದೋ ಕೆಲಸದಲ್ಲಿ ಇರುವುದರಿಂದ ಮತ್ತೆ ಮತ್ತೆ ಓಡಿಸಿ ನೋಡಲು ಸರದಿ ಸಿಗುತ್ತಿರಲಿಲ್ಲ. ಕಾಗದದ ಮೇಲೆಯೇ ತಪ್ಪನ್ನು ಹುಡುಕಬೇಕು. ಕಾಯಿಲೆಯ ಮನುಷ್ಯರು ಹೀಗೆ ಹೊಟ್ಟೆಯೊಳಗಿನದನ್ನೆಲ್ಲ ಅಚ್ಚು ಹಾಕಿ ಕೊಟ್ಟಿದ್ದರೆ ಡಾಕ್ಟರರು ಎಷ್ಟು ನೆಮ್ಮದಿಯಾಗಿರುತ್ತಿದ್ದರು ಎಂದು ನಾನು ಅಂದರೆ ವಿಮಲ, "ಆಮೇಲೆ ಅದನ್ನ ಓದಬೇಕಲ್ಲ" ಎಂದು ಕಣ್ಣು ಉಜ್ಜಿಕೊಳ್ಳುತ್ತಿದ್ದಳು.

ಓದುವುದಕ್ಕೆ ಅವಳದೇ ಒಂದು ಕ್ರಮ ಇತ್ತು. ಮೊದಲ ಪುಟದಲ್ಲಿ ಪ್ರೋಗ್ರಾಮು ಬಿದ್ದ ಜಾಗದ ಗುರುತು ಇರುತ್ತದೆ. ಹೊಸಬರು ಆ ಜಾಗವನ್ನೇ ದಿಟ್ಟಿಸಿಕೊಂಡು ಕೂರುತ್ತಾರಂತೆ. ಅವಳು ಹಾಗೆ ಮಾಡುತ್ತಿರಲಿಲ್ಲ. "ಇಲ್ಲಿ ಬಿತ್ತು, ಸರಿ. ಇಲ್ಲಿಗೆ ಇದನ್ನ ಕಳ್ಸಿದ್ದು ಯಾರು? ಅವ್ರಿಗೆ ಇದನ್ನ ಕೊಟ್ಟಿದ್ದು ಯಾರು?" ಎಂದು ತನ್ನಷ್ಟಕ್ಕೆ ಗೊಣಗುತ್ತ ಹಿಂದೆ ಹಿಂದೆ ಹೋಗುತ್ತಿದ್ದಳು. ನನ್ನ ಸೀಮೆಸುಣ್ಣದಿಂದ ಗುರುತು ಹಾಕುವಳು. ಲೆಕ್ಕ ಮಾಡುವಾಗ ಹತ್ತಕ್ಕೆ ಕೈಯಲ್ಲಿ ಒಂದು ಅಲ್ಲ, ಹದಿನಾರಕ್ಕೆ ಒಂದು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕದಲ್ಲಿ ಬೆಳೆದವನು ನಾನು. ಹಾಗೆಂದು ಸಹಾಯ ಮಾಡಲು ಹೋಗಿ ಎರಡು ಸಲ ಬೈಸಿಕೊಂಡೆ, ಆಮೇಲೆ ಗುಂಡಿ ಕಾಜಾಗಳ ಕಡೆ ಗಮನ ಕೊಟ್ಟೆ.

ಈಗ ಸಂಕಟದ ಮಾತಿಗೆ ಬರುತ್ತೇನೆ. ನಮ್ಮ ಆಶಾಗೆ ಮೂರು ತುಂಬುತ್ತ ಬಂದಿತ್ತು, ಮಾತು ಬಂದಿರಲಿಲ್ಲ.

ಅಮ್ಮ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ, ಅಜ್ಜಿ ಅನ್ನಲಿಲ್ಲ. ಓಡಾಡುತ್ತಾಳೆ, ನಗುತ್ತಾಳೆ, ಬೇಕಾದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಾಳೆ. ಬಾಯಿ ತೆರೆದರೆ ಮಾತ್ರ ಎರಡೇ ಸದ್ದು. ಒಂದು "ಕ್ಕೋ." ಅದು ಮನೆ ಮಾಲೀಕರ ಅಂಗಳದ ಕೋಳಿಗಳಿಂದ ಕಲಿತದ್ದು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಇನ್ನೊಂದು "ಹೌ." ಅದು ಆಕಳಿಕೆ ಎಂದುಕೊಂಡು, ಅಂದ ಕೂಡಲೇ ಎತ್ತಿಕೊಂಡು ತಟ್ಟಿ ಮಲಗಿಸುತ್ತಿದ್ದೆವು. ಪಾಪ, ಆ ವರ್ಷ ಆ ಮಗು ಎಷ್ಟು ನಿದ್ದೆ ಮಾಡಿತು ಎಂಬುದಕ್ಕೆ ಲೆಕ್ಕವಿಲ್ಲ.

ಶಿವಾಜಿನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮಗುವಿನ ಬೆನ್ನ ಹಿಂದೆ ಗಂಟೆ ಬಾರಿಸಿದರು, ತಿರುಗಿ ನೋಡಿದಳು. ಕಿವಿ ಸರಿ ಇದೆ, ಕಾಯಿರಿ ಎಂದರು. ಕಾಯಿರಿ ಅನ್ನುವುದು ಅವರಿಗೆ ಒಂದು ಮಾತು. ನಮಗೆ ಅದು ಪ್ರತಿದಿನ ಬೆಳಗಾಗುವುದು, ಮಗು ಏಳುವುದು, ಮೂವರು ದೊಡ್ಡವರು ಅದರ ಬಾಯನ್ನೇ ನೋಡುವುದು. ಮನೆ ಮಾಲೀಕರ ತಾಯಿ, ನಾವೆಲ್ಲ ಪಾಟಿ ಅನ್ನುತ್ತಿದ್ದ ತಮಿಳು ಅಜ್ಜಿ, ಕೋಳಿಗೆ ಅಕ್ಕಿ ಎರಚುತ್ತ, "ಪೇಸುವಾ, ಪೇಸುವಾ, ಕವಲೆ ಪಡಾದೀಂಗ" ಅನ್ನುತ್ತಿದ್ದರು. ಮಾತಾಡುತ್ತಾಳೆ, ಯೋಚನೆ ಮಾಡಬೇಡಿ ಎಂದು. ಯೋಚನೆ ಬಿಡಲು ನಮ್ಮಮ್ಮ ತಯಾರಿರಲಿಲ್ಲ.

ನಮ್ಮಮ್ಮ ಹೊಸಕೋಟೆ ಕಡೆಯ ಹಳ್ಳಿಯಿಂದ ಮಗುವನ್ನು ನೋಡಿಕೊಳ್ಳಲು ಬಂದು ನಮ್ಮ ಜೊತೆಯಲ್ಲೇ ಇದ್ದರು. ಅವರ ರೋಗಪರೀಕ್ಷೆ ಆಗಲೇ ಮುಗಿದಿತ್ತು. "ತಾಯಿ ಮಾತಾಡಿದ್ರೆ ತಾನೆ ಮಗ ಮಾತಾಡೋದು. ಇವ್ಳು ಬೆಳಗಾದ್ರೆ ಆ ಮಿಷಿನ್ ಮುಂದೆ ಹೋಗಿ ಕೂತ್ಕತಾಳೆ, ಸಂಜೆ ಆದ್ರೆ ಈ ಕಾಗ್ದದ ಮುಂದೆ. ಕೆಲ್ಸ ಬಿಟ್ಟು ಮನೇಲಿರು ಅಂತ ಹೇಳಪ್ಪ ನೀನು." ಇನ್ನೊಂದು ಮಾತನ್ನೂ ಹೇಳಿದ್ದರು. ಹೆಣ್ಣು ಮಗು, ಮಾತು ಬರಲ್ಲ ಅಂತ ಹೊರಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ. ಒಂದೇ ಅಂಗಳದ ಪಾಟಿಗೆ ಆಗಲೇ ಗೊತ್ತಿತ್ತು, ಮಿಕ್ಕವರಿಗೆ ಹೇಳದಿರಲು ನಾವು ಒಪ್ಪಿದೆವು. ಅಂಗಡಿಗೆ ಬಂದವರಿಗೂ ಹೇಳಲಿಲ್ಲ, ಅಂಗಡಿಯಲ್ಲಿ ಕೆಲಸ ಮಾಡುವವರಿಗೂ ಹೇಳಲಿಲ್ಲ.

ವಿಮಲ ಅತ್ತೆಗೆ ಎದುರು ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಭಯ. ಒಂದು ಸಂಜೆ ಕಾಫಿ ಲೋಟ ಹಿಡಿದು ಆ ಆನೆಯನ್ನೋ ಗಾಡಿಯನ್ನೋ ನೋಡುತ್ತ, "ಈ ಪ್ರೋಗ್ರಾಮು ಒಂದು ಸರಿ ಮಾಡಿ ಕೊಟ್ಟು, ಬಿಡ್ತೀನಿ ಅಂತ ಆಫೀಸಲ್ಲಿ ಹೇಳ್ಬಿಡ್ತೀನಿ" ಎಂದಳು. ಸ್ವರದಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ದಣಿದವರು ಭಾರವನ್ನು ಕೆಳಗಿಳಿಸುವ ಹಾಗೆ ಹೇಳಿದಳು. ನಾನು ಬೇಡ ಅನ್ನಬೇಕಿತ್ತು. ಮಗುವಿನ ಮಾತು ಒಂದು ಕಡೆ ಇರುವಾಗ ತಕ್ಕಡಿಯ ಇನ್ನೊಂದು ಕಡೆಗೆ ಏನು ಹಾಕಲಿ ಎಂದು ತಿಳಿಯಲಿಲ್ಲ.

ಆ ಪ್ರೋಗ್ರಾಮಿನ ಕಾಯಿಲೆ ದೊಡ್ಡದೇ ಇತ್ತು. ಝೀರೋ ಸಿ ಸೆವೆನ್ ಎಂದು ಅದರ ಹೆಸರು. ವಿಮಲ ಅದನ್ನು ಟೈಫಾಯ್ಡ್ ಅನ್ನುವ ಹಾಗೆ ಹೇಳುತ್ತಿದ್ದಳು. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು ಸಿಕ್ಕಿದರೆ ಮೆಷೀನಿಗೆ ಬರುವ ಕಾಯಿಲೆಯಂತೆ ಅದು. ಇನ್ನೊಂದು ವಿಭಾಗದವರು ಲೆಕ್ಕ ತುಂಬಿ ಕಳಿಸಿದ ಟೇಪನ್ನು ಇವಳ ಪ್ರೋಗ್ರಾಮು ಓದಬೇಕು. ಓದಲು ಹೋದಾಗಲೆಲ್ಲ ಬೀಳುತ್ತಿತ್ತು. ಟೇಪಿನಲ್ಲಿ ಕಸ ತುಂಬಿದೆ, ಎಲ್ಲವನ್ನೂ ಹೊಸದಾಗಿ ಪಂಚ್ ಮಾಡಿಸೋಣ ಎಂದು ಅವಳ ಮೇಲಿನ ಆಫೀಸರು ಹೇಳಿದ್ದರು. ಅಂದರೆ ಇವಳ ಹಳೆಯ ಗೆಳತಿಯರೆಲ್ಲ ವಾರಗಟ್ಟಲೆ ಬೆರಳು ಸವೆಸಬೇಕು.

ಒಂದು ಭಾನುವಾರ ಬೆಳಿಗ್ಗೆ. ಅಂಗಡಿ ರಜೆ, ಟೇಬಲ್ಲು ಪೂರ್ತಿ ಅವಳದೇ. ನಾನು ಸುಮ್ಮನೆ ಕೂತು ಕತ್ತರಿ ಸಾಣೆ ಹಿಡಿಯುತ್ತಿದ್ದೆ. ಅಮ್ಮ ಬಾಗಿಲ ಹತ್ತಿರ ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಕೈಯಲ್ಲಿ ಬೆಲ್ಲದ ಚೂರು ಹಿಡಿದು ದಿನದ ಪಾಠ ನಡೆಸುತ್ತಿದ್ದರು. ನನಗೆ ಬೇಜಾರಾಗಿ ಬಲಗಡೆಯ ಚುಕ್ಕಿಗಳನ್ನು ತೋರಿಸಿ ಕೇಳಿದೆ.

"ಅಲ್ಲ, ಇಲ್ಲೆಲ್ಲ ಏನೂ ಇಲ್ಲ ತಾನೆ? ಏನೂ ಇಲ್ಲದ್ದನ್ನ ಯಾಕೆ ಅಚ್ಚು ಹಾಕ್ತಾರೆ, ಕಾಗ್ದ ದಂಡ."

"ಏನೂ ಇಲ್ಲ ಅಂತಲ್ಲ ರೀ. ಎಡಗಡೆ ಇರೋದನ್ನೇ ಬಲಗಡೆ ಅಕ್ಷರದಲ್ಲಿ ಅಚ್ಚು ಹಾಕಕ್ಕೆ ನೋಡುತ್ತೆ. ಪ್ರಿಂಟರ್ ಹತ್ರ ಅದಕ್ಕೆ ಸರಿಯಾದ ಅಕ್ಷರ ಇಲ್ದಿದ್ರೆ ಚುಕ್ಕಿ ಇಡುತ್ತೆ, ಅಷ್ಟೆ."

"ಅಂದ್ರೆ ಅಲ್ಲಿ ಏನೋ ಇದೆ."

"ಇದೆ. ಅದೇ ನೋಡ್ತಿದೀನಿ. ನಮ್ ಸಾಹೇಬ್ರು ಚುಕ್ಕಿ ನೋಡಿ ಕಸ ಅಂದ್ಬಿಟ್ರು. ಎಡಗಡೆ ಓದಿದ್ರೆ ಕಸದ ಥರ ಇಲ್ಲ, ಕ್ರಮವಾಗಿದೆ. ಸರಿಯಾದ ಅಂಕಿನೇ. ನನ್ ಪ್ರೋಗ್ರಾಮಿಗೆ ಗೊತ್ತಿರೋ ಥರ ಬರ್ದಿಲ್ಲ. ಬೇರೆ ಥರ ಬರ್ದಿದಾರೆ."

ಅಷ್ಟು ಹೇಳಿ ಅವಳು ಮತ್ತೆ ಕಾಗದದ ಮೇಲೆ ಬಗ್ಗಿದಳು. ಬಾಗಿಲ ಹತ್ತಿರ ಅಮ್ಮ, "ಅಮ್ಮ ಅನ್ನು ನನ್ ಬಂಗಾರ, ಬೆಲ್ಲ ಕೊಡ್ತೀನಿ, ಅಮ್ಮ ಅನ್ನು" ಎಂದರು. ಮಗು, "ಕ್ಕೋ" ಅಂದಿತು.

"ಏನಂದ್ಳು?" ವಿಮಲ ತಲೆ ಎತ್ತದೆಯೇ ಕೇಳಿದಳು.

"ಏನೂ ಇಲ್ಲ. ಅದೇ, ಕೋಳಿ ಸದ್ದು" ಎಂದರು ಅಮ್ಮ.

ಸೀಮೆಸುಣ್ಣ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ನೆಟ್ಟಗೆ ನಿಂತಳು. "ಏನೂ ಇಲ್ಲ ಅನ್ಬೇಡಿ ಅತ್ತೆ. ಇದು ಯಾವಾಗ ಯಾವಾಗ ಅಂತಾಳೆ ಸ್ವಲ್ಪ ಹೇಳಿ."

"ಯಾವಾಗ ಅಂದ್ರೆ? ಅನ್ನ ತಿನ್ಸೋವಾಗ ಅಂತಾಳೆ. ನಿನ್ನೆ ಎಣ್ಣೆ ಹಚ್ಚಿ ನೀರು ಹಾಕ್ತೀನಿ ಬಾ ಅಂದಾಗ ಅಂದ್ಳು. ಅಮ್ಮ ಅನ್ನು ಅಂದಾಗಂತೂ ತಪ್ದೆ ಅಂತಾಳೆ."

"ಕೋಳಿ ನೋಡ್ದಾಗ?"

ಅಮ್ಮ ಬೆಲ್ಲದ ಚೂರನ್ನು ತಾವೇ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. "ಕೋಳಿ ನೋಡ್ದಾಗ... ಇಲ್ಲ ಕಣಮ್ಮ. ಕೋಳಿ ಬಂದ್ರೆ ಸುಮ್ನೆ ನೋಡ್ಕೊಂಡು ನಿಂತಿರ್ತಾಳೆ."

"ಹಂಗಾದ್ರೆ ಕೋಳಿ ಕೊಟ್ಟಿದ್ದಲ್ಲ" ಎಂದಳು ವಿಮಲ. "ಯಾರು ಕೊಟ್ರು ಇದನ್ನ?"

ಅಮ್ಮ ನನ್ನ ಕಡೆ ನೋಡಿದರು. ಸೊಸೆಗೆ ಆಫೀಸಿನ ಕಾಗದ ತಲೆಗೇರಿದೆ ಎಂದು ಆ ನೋಟಕ್ಕೆ ಅರ್ಥ. ನನಗೂ ಹಾಗೇ ಅನ್ನಿಸಿತು ಎಂದರೆ ಸುಳ್ಳಲ್ಲ.

ಸೋಮವಾರ ವಿಮಲ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಕಳಿಸಿ ಮನೆಯಲ್ಲೇ ಉಳಿದಳು. ಅಂಗಡಿಯ ಒಳಬಾಗಿಲಿನ ಹತ್ತಿರ, ತೂಗು ಹಾಕಿದ್ದ ಯೂನಿಫಾರಂಗಳ ಹಿಂದೆ ಒಂದು ಮಣೆ ಹಾಕಿಕೊಂಡು ಕೂತಳು. ಹಗಲು ಮಗುವಿನ ಹತ್ತಿರ ಯಾರ್ಯಾರು ಬರುತ್ತಾರೆ ನೋಡಬೇಕಂತೆ. ಕೂತು ಕಾಯುವುದು ಅವಳಿಗೆ ಅಭ್ಯಾಸವಿತ್ತು. ಸ್ವಲ್ಪ ಹೊತ್ತಿಗೆ ಜೈಬು ಆಪಾ ಬಂದರು.

ಜೈಬು ಆಪಾ ನಮ್ಮ ಅಂಗಡಿಗೆ ಗುಂಡಿ ಹಚ್ಚುವ, ಕಾಜಾ ಹೊಲಿಯುವ ಕೆಲಸಕ್ಕೆ ಬರುತ್ತಿದ್ದವರು. ಶಿವಾಜಿನಗರದಿಂದ ನಡೆದೇ ಬರುವರು. ಅವರು ಬರುವ ಹೊತ್ತಿಗೆ ವಿಮಲ ಬಸ್ಸು ಹತ್ತಿರುತ್ತಿದ್ದಳು, ವಿಮಲ ಇಳಿಯುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು. ಬೆಳಕು ಚೆನ್ನಾಗಿ ಬೀಳುತ್ತದೆಂದು ಹೊರಗಿನ ಮೆಟ್ಟಿಲ ಮೇಲೆ ಕೂತು ಕೆಲಸ ಮಾಡುವರು. ಆಶಾ ಗುಂಡಿಗಳ ಡಬ್ಬಿಯ ಆಸೆಗೆ ಅವರ ಪಕ್ಕ ಕೂರುವಳು. ಅಮ್ಮ ಅಷ್ಟರಲ್ಲಿ ಅಡುಗೆಮನೆ ಸೇರುವರು. ನಾನು ಒಳಗೆ ಅವರ ಕಡೆಗೆ ಬೆನ್ನು ಮಾಡಿ ಮೆಷೀನು ತುಳಿಯುತ್ತಿದ್ದೆ. ನನ್ನ ಮೆಷೀನು ಶುರುವಾದರೆ ಪಕ್ಕದಲ್ಲಿ ಮದುವೆಯಾದರೂ ನನಗೆ ಕೇಳಿಸುತ್ತಿರಲಿಲ್ಲ.

ಅವತ್ತು ವಿಮಲ ಸನ್ನೆ ಮಾಡಿದ್ದಕ್ಕೆ ಮೆಷೀನು ತುಳಿಯದೆ ಸುಮ್ಮನೆ ಕೂತೆ. ಹೊರಗೆ ಆಪಾ ಸೆರಗಿನ ಗಂಟು ಬಿಚ್ಚಿದರು.

"ಬಿಸ್ಕುಟ್ ಹೋನಾ ಕ್ಯಾ, ರಾಣಿ?"

"ಹೌ" ಅಂದಳು ನಮ್ಮ ಆಶಾ. ಆಕಳಿಸಲಿಲ್ಲ, ಕೈ ಚಾಚಿದಳು.

ತಿನ್ನುವ ಸದ್ದು. ಆಮೇಲೆ ಆಪಾ, "ಔರ್ ಹೋನಾ?"

"ಕ್ಕೋ."

"ನಕ್ಕೋ? ಬಸ್?"

"ಬಸ್" ಎಂದು ಮಗು ಗುಂಡಿ ಡಬ್ಬಿಗೆ ಕೈ ಹಾಕಿತು.

ಚಿಕ್ಕಂದಿನಲ್ಲೇ ಊರು ಬಿಟ್ಟು ಕಂಟೋನ್ಮೆಂಟಿನ ಕಡೆ ಹೊಲಿಗೆ ಕಲಿತು ಬೆಳೆದವನು ನಾನು. ಗಿರಾಕಿಗಳ ಜೊತೆ ದಿನಾ ಆಪಾ ಆಡುವ ಆ ದಖನಿ ಉರ್ದುವಿನಲ್ಲೇ ವ್ಯಾಪಾರ ಮಾಡುವವನು. ಹೋನಾ ಅಂದರೆ ಬೇಕಾ, ನಕ್ಕೋ ಅಂದರೆ ಬೇಡ, ಹೌ ಅಂದರೆ ಹೂಂ, ಬಸ್ ಅಂದರೆ ಸಾಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನ ಬಿಟ್ಟುಹೋದ ಆ ಚೂರು ಮಾತು ನನ್ನ ಮಗಳ ಬಾಯಿಂದ ಬರಬಹುದೆಂದು ಮಾತ್ರ ನನ್ನ ಕಿವಿ ಎಣಿಸಿರಲಿಲ್ಲ. ಅಮ್ಮ, ಅಪ್ಪ ಎಂಬ ಎರಡು ಅಚ್ಚುಗಳನ್ನು ಇಟ್ಟುಕೊಂಡು ಕೂತಿದ್ದೆವು, ಮಿಕ್ಕಿದ್ದಕ್ಕೆಲ್ಲ ಚುಕ್ಕಿ. ಮೂವರು ದೊಡ್ಡವರು ಬೆಳಗಿನಿಂದ ಸಂಜೆ ತನಕ ಅಮ್ಮ ಅನ್ನು, ಅಪ್ಪ ಅನ್ನು ಎಂದು ಪೀಡಿಸಿದರೆ ಅವಳು ತಿಂಗಳುಗಟ್ಟಲೆ ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದಳು. ಬೇಡ. ಬೇಡ. ಬೇಡ.

ವಿಮಲ ಯೂನಿಫಾರಂಗಳನ್ನು ಸರಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಸಿದಳು. "ಆಪಾ, ಇವ್ಳು ಮಾತಾಡ್ತಾಳಾ?"

ಆಪಾ ಸೂಜಿ ನಿಲ್ಲಿಸಿ ಅವಳ ಮುಖ ನೋಡಿದರು. "ಯಾಕ್ ವಿಮಲಮ್ಮಾ, ಆಡಲ್ಲ ಅಂತ ಯಾರ್ ಹೇಳಿದ್ದು? ಪೂರಾ ದಿನ ನನ್ ತಲೆ ತಿಂತಾಳೆ. ಪಾನಿ ಅಂತಾಳೆ, ಚಲ್ ಅಂತಾಳೆ. ಮೊನ್ನೆ ಆ ಬೆಕ್ಕಿಗೆ ಬೈದ್ಳು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವ್ ಕೇಳ್ಲಿಲ್ಲ. ನನ್ ಹತ್ರನೇ ಇಷ್ಟ್ ಮಾತಾಡೋಳು ಅಮ್ಮನ ಹತ್ರ ಎಷ್ಟ್ ಮಾತಾಡ್ಬೋದು ಅಂದ್ಕೊಂಡೆ."

ವಿಮಲ ನಕ್ಕಳೋ ಅತ್ತಳೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಸದ್ದು ಕೇಳಿ ಅಮ್ಮ ಸೌಟು ಹಿಡಿದೇ ಓಡಿ ಬಂದರು. ನಾನು ಹೇಳಿದೆ. "ಅಮ್ಮ, ಮಗು ಅಂತಿರೋದು ನಕ್ಕೋ ಅಂತ."

"ನಕ್ಕೋ ಅಂತಾಳಾ?" ನಮ್ಮಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಇರಲಿಲ್ಲ. "ನನ್ ಮುಖ ನೋಡಿ ನಕ್ಕೋ ಅಂತಾಳಾ? ಇಷ್ಟ್ ದಿನದಿಂದ ಅಳ್ತಾ ಕೂತಿದೀಯ, ನಗು ಅಜ್ಜಿ ಅಂತಾಳಾ? ಸರಿ ಕಣವ್ವ, ನಕ್ಕೊತೀನಿ." ನಿಜವಾಗಿಯೂ ಸೌಟನ್ನು ಎದೆಗೆ ಒತ್ತಿಕೊಂಡು ನಗಲು ಶುರು ಮಾಡಿದರು. ಅದು ಹಾಗಲ್ಲ, ಬೇಡ ಅಂತ ಅರ್ಥ ಎಂದು ತಿದ್ದಲು ನಾನು ಬಾಯಿ ತೆರೆದೆ. ವಿಮಲ ನನ್ನ ಕಾಲು ತುಳಿದಳು. ನಮ್ಮಮ್ಮ ಕೊನೆಯ ತನಕ, ಮೊಮ್ಮಗಳು ಆಡಿದ ಮೊದಲ ಮಾತು ಅಜ್ಜಿಗೆ ನಗು ಅಂದದ್ದು ಎಂದೇ ಊರಿಗೆಲ್ಲ ಹೇಳಿಕೊಂಡು ಬಂದರು.

ಕೆಲಸ ಬಿಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟ ವಿಮಲಳಿಗೆ ಅಮ್ಮನೇ ಬುತ್ತಿ ಕಟ್ಟಿ, "ತಡ ಆಯ್ತು, ಹೋಗು, ಬೈತಾರೆ" ಎಂದರು. ಸಂಜೆ ವಿಮಲ ಕಟ್ಟಿಲ್ಲದ ಕೈಯಲ್ಲಿ ಬಂದಳು. ಇನ್ನೊಂದು ವಿಭಾಗದವರು ಅಂಕಿಗಳನ್ನು ಬರೆಯುವ ರೀತಿಯನ್ನು ಬದಲಾಯಿಸಿದ್ದರಂತೆ. ಟೇಪಿನಲ್ಲಿ ಕಸ ಇರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಇವಳ ಆಫೀಸರು ಕೇಳಿದ್ದಕ್ಕೆ ಅವರು, "ನೀವು ಕೇಳ್ಲಿಲ್ಲ" ಎಂದರಂತೆ. ಅದನ್ನು ಹೇಳುತ್ತ ಹೇಳುತ್ತ ಅವಳು ಕಾಫಿ ಚೆಲ್ಲಿಕೊಂಡಳು. ಮನೆಯಲ್ಲೇ ಉಳಿದಿದ್ದ ಭಾನುವಾರದ ಡಂಪ್ ಇನ್ನು ಬೇಡ ಎಂದಳು. ನಾನು ಅದನ್ನು ಟೇಬಲ್ಲಿನ ಮೇಲೆ ಹಾಸಿ, ಆಶಾಳನ್ನು ನಿಲ್ಲಿಸಿ ಅಳತೆ ತೆಗೆದು, ಫ್ರಾಕಿಗೆ ಕತ್ತರಿಸಿದೆ. ಅದೇ ಈ ಕಾಗದ.

ಅಲ್ಲಿಂದೀಚೆಗೆ ವಿಮಲಳಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಮಗು ಏನು ಸದ್ದು ಮಾಡಿದರೂ ಕೈಯಲ್ಲಿರುವ ಕೆಲಸ ಬಿಟ್ಟು, "ಏನಂದೆ?" ಎಂದು ಕೇಳುವುದು. ಮುದ್ದಿಗಲ್ಲ, ಆಫೀಸಿನಲ್ಲಿ ಕೇಳುವ ಹಾಗೆ ಗಂಭೀರವಾಗಿ. ಆಶಾ ವರ್ಷದೊಳಗೆ ಮೂರು ಭಾಷೆಯಲ್ಲಿ ಜಗಳ ಕಾಯುವಷ್ಟಾದಳು, ಶಾಲೆ ಮುಗಿಸಿದಳು, ಮದುವೆಯಾದಳು. ವಿಮಲ ನಿವೃತ್ತಿಯಾದಳು, ನನ್ನ ಕಣ್ಣು ಸೂಜಿಗೆ ದಾರ ಪೋಣಿಸಲಾರದಷ್ಟು ಮಂಜಾಯಿತು. ನಾವು ಹಲಸೂರು ಬಿಟ್ಟು ಇಲ್ಲಿಗೆ ಬಂದೆವು, ಟೇಬಲ್ಲು ಮಾತ್ರ ಜೊತೆಗೆ ಬಂತು. ಅಭ್ಯಾಸವೂ ಬಂತು. ಈಗ ಮೊಮ್ಮಗಳು ತೊಟ್ಟಿಲಲ್ಲಿ ಗೊಳ್ ಅಂದರೂ ಅವಳು ಬಗ್ಗಿ, "ಏನಂದೆ?" ಅನ್ನುತ್ತಾಳೆ.

ಮಗುವನ್ನು ಟೇಬಲ್ಲಿನ ಒಂದು ತುದಿಗೆ ಕೂರಿಸಿಕೊಂಡು, ಹೂವಿನ ಚಿತ್ರದ ಹತ್ತಿ ಬಟ್ಟೆ ಹಾಸಿ, ಮೇಲೆ ಆ ಹಳೆಯ ಎದೆಭಾಗದ ಕಾಗದವನ್ನು ಇಟ್ಟೆ. ಅಂಕಿಗಳು ಮಾಸಿವೆ, ಚುಕ್ಕಿಗಳು ಹಾಗೇ ಇವೆ. ಸೀಮೆಸುಣ್ಣದ ಗೆರೆ ಒಂದು ಕಡೆ ಅಲೆಯಾಯಿತು. "ಹೊಲಿಗೆಗೆ ಸ್ವಲ್ಪ ಜಾಸ್ತಿ ಬಿಡ್ಬೇಕು" ಎಂದು ನನ್ನಷ್ಟಕ್ಕೆ ಗೊಣಗಿದೆ.

"ನಂದೇ?" ಎಂದಳು ಮೊಮ್ಮಗಳು.

"ನಿಂದೇ ಕಣಮ್ಮ. ಎಲ್ಲಾ ನಿಂದೇ" ಎಂದು ಬಟ್ಟೆಯ ತುದಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಬಟ್ಟೆಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಕಾಯುತ್ತಿದ್ದಳು. ಅಷ್ಟರಲ್ಲಿ ಮೇಲಿನ ಕೋಣೆಯಿಂದ ಆಶಾ ಏನೋ ಕೂಗಿದಳು, ಅಡುಗೆಮನೆಯಿಂದ ವಿಮಲ, "ಏನಂದೆ?" ಎಂದು ಕೂಗಿ ಕೇಳಿದಳು. ಕೊನೆಯಲ್ಲಿ ರಾಗ ಸ್ವಲ್ಪ ಮೇಲಕ್ಕೆ.

ನನ್ನ ಸೀಮೆಸುಣ್ಣ ನಿಂತಿತು. ಸೊಪ್ಪಿನವನು ಕೂಗಿದಾಗ ಅಂದಳು. ಸುರುಳಿ ದೊಪ್ಪೆಂದು ಬಿದ್ದಾಗ ಅಂದಳು. ನಾನು ಗೊಣಗಿದಾಗ ಅಂದಳು. ಸುಮ್ಮನೆ ಎದುರಿಗಿದ್ದ ವಸ್ತುವಿಗೆ ಯಾವತ್ತಾದರೂ ಅಂದಿದ್ದಳೇ ಎಂದು ಯೋಚಿಸಿದೆ. ಇಲ್ಲ. ಯಾವುದಾದರೂ ಸದ್ದಾದ ಮೇಲೆಯೇ ಅಂದದ್ದು. ಬಾಳೆಹಣ್ಣು ತಿನ್ನು ಅಂದ ಮೇಲೆ, ಕನ್ನಡಕ ಮುಟ್ಟಬೇಡ ಅಂದ ಮೇಲೆ.

ಅವಳ ಹತ್ತಿರ ಬಗ್ಗಿ, ಬಿಡಿಸಿ ಹೇಳಿದೆ. "ಹೊಲಿಗೆಗೆ ಸ್ವಲ್ಪ ಜಾಸ್ತಿ ಬಿಡ್ಬೇಕು ಅಂದೆ ಕಣಮ್ಮ. ನೀನು ಬೆಳೀತೀಯಲ್ಲ, ಅದಕ್ಕೆ."

ಅವಳಿಗೆ ತೃಪ್ತಿಯಾಯಿತು. ತಲೆ ಅಲ್ಲಾಡಿಸಿ ಸೀಮೆಸುಣ್ಣದ ಚೂರನ್ನು ಬಾಯಿಗೆ ಹಾಕಿಕೊಂಡಳು. ನಾನು ಅದನ್ನು ತೆಗೆಯುತ್ತ ಅಡುಗೆಮನೆಯ ಕಡೆ ಕೂಗಿದೆ.

"ವಿಮಲಾ, ಇವ್ಳು ನಂದೇ ಅಂತಿಲ್ಲ ಕಣೇ."

"ಮತ್ತೆ ಏನಂದ್ಳು?"

"ಏನಂದೆ ಅಂದ್ಳು."

"ಅದನ್ನೇ ಕೇಳ್ತಿದೀನಿ ರೀ, ಏನಂದ್ಳು?"

"ಅಯ್ಯೋ, ಏನಂದೆ ಅಂತಲೇ ಅಂದ್ಳು."

ಒಳಗೆ ಒಲೆ ಆರಿಸಿದ್ದು ಕೇಳಿಸಿತು. ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಬರುವ ಅವಳ ಹೆಜ್ಜೆಯ ಸದ್ದಿಗೆ ಮೊಮ್ಮಗಳು ಕತ್ತು ತಿರುಗಿಸಿ, ಬಾಗಿಲ ಕಡೆ ನೋಡಿ, ಆ ಸದ್ದನ್ನೂ ಬಿಡದೆ, "ನಂದೇ?" ಎಂದು ಕೇಳಿದಳು.